ಅಭಿಮಾನಿಯ ಅಧ್ಯಯನ

ಒಬ್ಬ ಗಾಯಕನ ನಾಲ್ಕು ಹಾಡುಗಳನ್ನು ಕೇಳಿ ತಲೆದೂಗುವುದು ಸುಲಭ. ಅವನ ಜೀವಮಾನದ ಹಾಡುಗಳನ್ನೆಲ್ಲ ಕ್ರಮವಾಗಿ ಕೇಳಿ, ಅವು ಹುಟ್ಟಿದ ಕಾಲವನ್ನೂ ಕಾರಣವನ್ನೂ ತಿಳಿದು, ಬಳಿಕ ತಲೆದೂಗುವುದು ಕಷ್ಟ. ಮೊದಲನೆಯದು ಅಭಿಮಾನ, ಎರಡನೆಯದು ಅಧ್ಯಯನ. ಪುಸ್ತಕಗಳನ್ನು ಓದುವುದಕ್ಕೆ ಒಂದು ಕ್ರಮವುಂಟೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಒಬ್ಬ ಕವಿಯನ್ನು ಬಲ್ಲೆನೆನ್ನುವವನು ಆ ಕವಿಯ ಮೊದಲ ಸಂಕಲನದಿಂದ ಕೊನೆಯ ಸಂಕಲನದವರೆಗೆ ಓದಿರಬೇಕೆಂದು ನಿರೀಕ್ಷಿಸುವುದು ಸಹಜ. ಹಾಡುಗಳನ್ನು ಕೇಳುವುದಕ್ಕೂ ಅಂಥದೇ ಒಂದು ಕ್ರಮವುಂಟೆಂಬುದು ಮಾತ್ರ ಅನೇಕರ ಗಮನಕ್ಕೆ ಬಂದಿಲ್ಲ. ಹಾಡು ದಾರಿಯಲ್ಲಿ, ಕೆಲಸದ ನಡುವೆ, ಊಟದ ಹೊತ್ತಿನಲ್ಲಿ ತಾನಾಗಿಯೇ ಕಿವಿಗೆ ಬೀಳುವ ವಸ್ತುವಾದುದರಿಂದ ಅದಕ್ಕಾಗಿ ಶ್ರಮಿಸಬೇಕೆಂಬ ಭಾವನೆ ಹುಟ್ಟುವುದಿಲ್ಲ. ಆದರೆ ಕಲಾವಿದನು ಕಾಲವಾದ ಮೇಲೆ ಅವನ ಕೃತಿಯೆಂದು ಉಳಿಯುವುವು ಅವನ ಧ್ವನಿಮುದ್ರಣಗಳೇ. ಅವುಗಳನ್ನು ಕೇಳಬಲ್ಲವರೂ ಕಾಯ್ದಿಡಬಲ್ಲವರೂ ಇಲ್ಲದಿದ್ದರೆ ಕಲಾವಿದನು ಎರಡನೆಯ ಬಾರಿ ಸತ್ತಂತಾಗುತ್ತದೆ.

ಇಂಥ ಅಧ್ಯಯನಕ್ಕೆ ಕನ್ನಡದಲ್ಲಿ ತಕ್ಕ ವಸ್ತುವಾಗಬಲ್ಲವರಲ್ಲಿ ಸಿ. ಅಶ್ವತ್ಥ್ ಒಬ್ಬರು. ಅವರು ಜನಿಸಿದ್ದು 1939ರ ಡಿಸೆಂಬರ್ 29ರಂದು, ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ. ತೀರಿಕೊಂಡದ್ದು 2009ರ ಡಿಸೆಂಬರ್ 29ರಂದು, ಬೆಂಗಳೂರಿನಲ್ಲಿ. ಅಂದು ಅವರಿಗೆ ಎಪ್ಪತ್ತು ತುಂಬಿದ ದಿನ. ವಿಜ್ಞಾನದ ಪದವೀಧರರಾದ ಅವರು ಬೆಂಗಳೂರಿನ ಭಾರತೀಯ ದೂರವಾಣಿ ಕಾರ್ಖಾನೆಯಲ್ಲಿ 27 ವರ್ಷ ಉದ್ಯೋಗದಲ್ಲಿದ್ದರು. ದೇವಗಿರಿ ಶಂಕರ ಜೋಶಿಯವರಲ್ಲಿ ಹಿಂದೂಸ್ತಾನಿ ಸಂಗೀತವನ್ನು ಅಭ್ಯಸಿಸಿದ್ದರು. ಹಗಲು ಕಾರ್ಖಾನೆಯ ಕೆಲಸ, ಸಂಜೆ ರಂಗತಾಲೀಮು, ರಾತ್ರಿ ಹಾರ್ಮೋನಿಯಂ: ಇದೇ ಅವರ ಬಹುಕಾಲದ ದಿನಚರಿಯಾಗಿತ್ತು. ನಾಟಕಕ್ಕೆ, ಚಲನಚಿತ್ರಕ್ಕೆ, ಧ್ವನಿಸುರುಳಿಗೆ, ವೇದಿಕೆಗೆ ಅವರು ರಾಗ ಸಂಯೋಜಿಸಿದ ಮತ್ತು ಹಾಡಿದ ಗೀತೆಗಳು ನೂರಾರು. ಅವುಗಳಲ್ಲಿ ಜನರ ನಾಲಿಗೆಯ ಮೇಲಿರುವುವು ಇಪ್ಪತ್ತೋ ಮೂವತ್ತೋ. ಉಳಿದವು ಎಲ್ಲಿವೆ ಎಂಬ ಪ್ರಶ್ನೆಯಿಂದಲೇ ಅಭಿಮಾನಿಯ ಅಧ್ಯಯನ ಪ್ರಾರಂಭವಾಗುತ್ತದೆ.

ಆ ಪ್ರಶ್ನೆಗೆ ಉತ್ತರವನ್ನು ಹುಡುಕಬಹುದಾದ ಸ್ಥಳಗಳಲ್ಲಿ ಬೆಂಗಳೂರಿನ ಮತ್ತಿಕೆರೆಯೂ ಒಂದು. ಯಶವಂತಪುರಕ್ಕೆ ಹೊಂದಿಕೊಂಡಿರುವ ಮತ್ತಿಕೆರೆ ಒಂದು ಕಾಲಕ್ಕೆ ಹಳ್ಳಿಯಾಗಿತ್ತು. ಸಮೀಪದ ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್.ಎಂ.ಟಿ. ಕಾರ್ಖಾನೆಯೂ 1954ರಲ್ಲಿ ಬಿ.ಇ.ಎಲ್. ಕಾರ್ಖಾನೆಯೂ ಸ್ಥಾಪಿತವಾದ ತರುವಾಯ ಈ ಭಾಗದ ಸ್ವರೂಪವೇ ಬದಲಾಯಿತು. ನಾಡಿನ ನಾನಾ ಜಿಲ್ಲೆಗಳಿಂದ ಬಂದ ಉದ್ಯೋಗಿಗಳು ಇಲ್ಲಿ ಮನೆ ಮಾಡಿದರು. ತಮ್ಮ ಊರಿನ ನುಡಿಯನ್ನೂ ಹಾಡನ್ನೂ ಜೊತೆಗೆ ತಂದರು. ಕಾರ್ಖಾನೆಗಳಲ್ಲಿ ಕನ್ನಡ ಸಂಘಗಳು ಬೆಳೆದುವು. ನವೆಂಬರ್ ಬಂದರೆ ಬೀದಿ ಬೀದಿಯಲ್ಲಿ ರಾಜ್ಯೋತ್ಸವದ ವೇದಿಕೆಗಳು ಎದ್ದುವು. ತಾವೂ ಕಾರ್ಖಾನೆಯ ಉದ್ಯೋಗಿಯಾಗಿದ್ದ ಅಶ್ವತ್ಥರ ಹಾಡು ಇಂಥ ವೇದಿಕೆಗಳಲ್ಲಿ ಸಲ್ಲಬೇಕಾದ ಸ್ಥಳಕ್ಕೆ ಸಂದಂತಿತ್ತು. ಧ್ವನಿಸುರುಳಿಯ ಕಾಲ ಬಂದಾಗ ಈ ಮನೆಗಳಲ್ಲಿ ಟೇಪ್ ರೆಕಾರ್ಡರುಗಳೂ, ಅವುಗಳ ಪಕ್ಕದಲ್ಲಿ ಭಾವಗೀತೆಗಳ ಸುರುಳಿಗಳೂ ಸೇರಿಕೊಂಡುವು.

ಮತ್ತಿಕೆರೆಯ ಅಂಥ ಒಂದು ಮನೆಯಲ್ಲಿ ಹತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಅಶ್ವತ್ಥರ ಹಾಡುಗಳಿಗೆ ಮನಸೋತಿರುವಳೆಂದು ಉದಾಹರಣೆಗಾಗಿ ಭಾವಿಸಬಹುದು. ಅವಳ ತಾತ ಜಾಲಹಳ್ಳಿಯ ಕಾರ್ಖಾನೆಯಿಂದ ನಿವೃತ್ತರಾದವರು. ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಲ್ಲಿ ಅವರ ಐವತ್ತು ಅರವತ್ತು ಧ್ವನಿಸುರುಳಿಗಳಿವೆ. ಅವಳು ಇಂದಿನ ಸಾಧನಗಳಲ್ಲಿ ಅಶ್ವತ್ಥರ ಹಾಡುಗಳನ್ನು ಬೇಕಾದಷ್ಟು ಕೇಳಬಲ್ಲಳು. ಆದರೆ ಅಲ್ಲಿ ಹಾಡುಗಳು ಕಾಲದ ಕ್ರಮವಿಲ್ಲದೆ, ಹಲವು ವೇಳೆ ಕವಿಯ ಹೆಸರೂ ಇಲ್ಲದೆ, ಒಂದರ ಮೇಲೊಂದು ಬರುತ್ತವೆ. ಎಪ್ಪತ್ತರ ದಶಕದ ಹಾಡಿನ ಹಿಂದೆಯೇ ಎರಡು ಸಾವಿರದ ಇಸವಿಯ ಹಾಡು ಬಂದಾಗ ಕಲಾವಿದನು ಬೆಳೆದ ಬಗೆ ಕೇಳುವವರಿಗೆ ತಿಳಿಯುವುದಿಲ್ಲ. ಅವಳು ಮೊದಲು ಮಾಡಿದ ಕೆಲಸವೆಂದರೆ ಹಾಡುಗಳನ್ನು ಎಣಿಸಿದ್ದು. ನೂರು ದಾಟಿದ ಮೇಲೆ ತಾತನ ಬಳಿಗೆ ಹೋಗಿ, “ತಾತ, ನೂರಹತ್ತು ಹಾಡು ಸಿಕ್ಕಿದುವು” ಎಂದಳು. “ಯಾರ ಹಾಡಮ್ಮ ಅವು?” ಎಂದು ಅವರು ಕೇಳಿದರು. “ಅಶ್ವತ್ಥರವು.” “ಬರೆದವರು ಯಾರು?” ಈ ಎರಡನೆಯ ಪ್ರಶ್ನೆಗೆ ಅವಳಲ್ಲಿ ಉತ್ತರವಿರಲಿಲ್ಲ. ಅಂದು ತಾತ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದರು.

ಪೆಟ್ಟಿಗೆಯಲ್ಲಿ ಅವಳಿಗೆ ಬಹಳ ಪ್ರಯೋಜನಕ್ಕೆ ಬಂದುದು ಸುರುಳಿಗಳ ಜೊತೆಗಿದ್ದ ಮುದ್ರಿತ ಹೊದಿಕೆ ಕಾಗದ. ಅದರಲ್ಲಿ ಕವಿಯ ಹೆಸರು, ರಾಗ ಸಂಯೋಜಕರ ಹೆಸರು, ಹಾಡಿದವರ ಹೆಸರು, ಕೆಲವೆಡೆ ವಾದ್ಯ ನುಡಿಸಿದವರ ಹೆಸರುಗಳೂ ಇದ್ದುವು. ಅವಳು ಒಂದು ನೋಟು ಪುಸ್ತಕದಲ್ಲಿ ಕಲಮುಗಳನ್ನು ಹಾಕಿಕೊಂಡಳು: ಹಾಡು, ಕವಿ, ಸಂಯೋಜಕ, ಗಾಯಕ, ವಾದ್ಯವೃಂದ, ವರ್ಷ, ತಿಳಿದ ಬಗೆ. ಕೊನೆಯ ಕಲಮು ತಾತನ ಸಲಹೆ. ಪ್ರತಿಯೊಂದು ಸಂಗತಿಯೂ ಎಲ್ಲಿಂದ ತಿಳಿಯಿತೆಂಬುದನ್ನು ಬರೆದಿಟ್ಟರೆ ಮಾತ್ರ ಪಟ್ಟಿಗೆ ಬೆಲೆ. ತಿಳಿಯದುದನ್ನು ಊಹೆಯಿಂದ ತುಂಬುವುದಕ್ಕಿಂತ ಆ ಮನೆಯನ್ನು ಖಾಲಿ ಬಿಡುವುದು ಲೇಸು. ಖಾಲಿ ಮನೆಯು ಇನ್ನೊಬ್ಬರಿಗೆ ಹುಡುಕಲು ದಾರಿ ಮಾಡಿಕೊಡುತ್ತದೆ. ತಪ್ಪು ತುಂಬಿದ ಮನೆಯು ಆ ದಾರಿಯನ್ನೇ ಮುಚ್ಚುತ್ತದೆ.

ವರ್ಷಗಳ ಕಲಮು ತುಂಬುತ್ತ ಬಂದಂತೆ ಅಶ್ವತ್ಥರು ನಡೆದ ಹಾದಿ ಕಾಣಿಸತೊಡಗಿತು. ಅವರ ಸಂಗೀತದ ಬೇರು ರಂಗಭೂಮಿಯಲ್ಲಿದೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಕಾಕನಕೋಟೆ’ ನಾಟಕವು 1977ರಲ್ಲಿ ಸಿ.ಆರ್. ಸಿಂಹ ಅವರ ನಿರ್ದೇಶನದಲ್ಲಿ ಚಲನಚಿತ್ರವಾದಾಗ ಅದಕ್ಕೆ ಸಂಗೀತ ನೀಡಿದವರು ಅಶ್ವತ್ಥ್. ಅನಂತರ ಎಲ್. ವೈದ್ಯನಾಥನ್ ಅವರೊಡನೆ ಸೇರಿ ‘ಅಶ್ವತ್ಥ್-ವೈದಿ’ ಎಂಬ ಜೋಡಿ ಹೆಸರಿನಲ್ಲಿ ಅವರು ಹಲವು ಚಿತ್ರಗಳಿಗೆ ಸಂಗೀತ ನಿರ್ದೇಶಿಸಿದರು. 1980ರ ‘ನಾರದ ವಿಜಯ’, 1981ರ ‘ಆಲೆಮನೆ’ ಇವು ಆ ಕಾಲದವು. ಟಿ.ಎಸ್. ನಾಗಾಭರಣರ ನಿರ್ದೇಶನದ ‘ಸಂತ ಶಿಶುನಾಳ ಶರೀಫ’ 1990ರಲ್ಲಿಯೂ, ‘ಮೈಸೂರು ಮಲ್ಲಿಗೆ’ 1992ರಲ್ಲಿಯೂ, ‘ಚಿನ್ನಾರಿ ಮುತ್ತ’ 1993ರಲ್ಲಿಯೂ, ಗಿರೀಶ ಕಾರ್ನಾಡರ ನಾಟಕವನ್ನು ಆಧರಿಸಿದ ‘ನಾಗಮಂಡಲ’ 1997ರಲ್ಲಿಯೂ ತೆರೆಕಂಡುವು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ‘ಕನ್ನಡವೇ ಸತ್ಯ’ ಎಂಬ ಗಾಯನ ಕಾರ್ಯಕ್ರಮಕ್ಕೆ ಅಪಾರ ಜನಸ್ತೋಮ ಸೇರಿತ್ತು. ನಾಟಕದ ತಾಲೀಮಿನ ಕೋಣೆಯಿಂದ ಅರಮನೆ ಮೈದಾನದವರೆಗಿನ ಈ ನಡಿಗೆಯನ್ನು ಬಲ್ಲವನಿಗೆ ಅವರ ಕಂಠದ ಗುಣವೂ ಅರ್ಥವಾಗುತ್ತದೆ. ಧ್ವನಿವರ್ಧಕದ ನೆರವಿಲ್ಲದೆಯೂ ಕೊನೆಯ ಸಾಲಿನವನಿಗೆ ಮಾತು ತಲುಪಬೇಕೆಂಬ ರಂಗಭೂಮಿಯ ನಿಯಮ ಆ ತೆರೆದ ಗಂಟಲಿನಲ್ಲಿ ಕಡೆಯವರೆಗೂ ಉಳಿದಿತ್ತು.

ಹಾಡುಗಳ ಈ ವಿಸ್ತಾರಕ್ಕೆ ಯಂತ್ರಗಳೂ ಕಾರಣವಾದುವೆಂಬುದನ್ನು ಮರೆಯಬಾರದು. ಕನ್ನಡ ಭಾವಗೀತೆಗಳನ್ನು ಮನೆಮನೆಗೆ ಮುಟ್ಟಿಸಿದ ಪಿ. ಕಾಳಿಂಗರಾಯರ (1914–1981) ಕಾಲದಲ್ಲಿ ಗ್ರಾಮಫೋನು ತಟ್ಟೆಗಳಿದ್ದುವು. ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಮೂರು ನಾಲ್ಕು ನಿಮಿಷದ ಹಾಡು ಮಾತ್ರ. ಆದ್ದರಿಂದ ಕವಿಯ ಒಂದೋ ಎರಡೋ ಗೀತೆಗಳು ಜನರಿಗೆ ದೊರೆಯುತ್ತಿದ್ದುವು. ಫಿಲಿಪ್ಸ್ ಸಂಸ್ಥೆಯು 1963ರಲ್ಲಿ ಹೊರತಂದ ಧ್ವನಿಸುರುಳಿಯಲ್ಲಿ, ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಿಂದ ಸಾಗುವ ಕಿರಿದಾದ ಪಟ್ಟಿಯ ಮೇಲೆ, ಮಗ್ಗುಲಿಗೆ ಅರ್ಧ ಗಂಟೆಯಂತೆ ಒಟ್ಟು ಒಂದು ಗಂಟೆಯ ಸಂಗೀತವನ್ನು ತುಂಬಬಹುದಾಗಿತ್ತು. ಎಂಟು ಹತ್ತು ಹಾಡುಗಳಿಗೆ ಎಡೆಯಾದುದರಿಂದ ಒಬ್ಬ ಕವಿಯ ಒಂದು ಸಂಕಲನವನ್ನೇ ಸುರುಳಿಯಾಗಿಸುವ ಯೋಚನೆ ಸಾಧ್ಯವಾಯಿತು. ನಿಸಾರ್ ಅಹಮದ್ ಅವರ ಗೀತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ, 1978ರ ‘ನಿತ್ಯೋತ್ಸವ’ವು ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂದು ಪ್ರಸಿದ್ಧವಾಗಿದೆ. ಆ ಹಾದಿಯಲ್ಲಿಯೇ ಅಶ್ವತ್ಥರು ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ಯನ್ನೂ ಶಿಶುನಾಳ ಶರೀಫರ ತತ್ತ್ವಪದಗಳನ್ನೂ ಕನ್ನಡಿಗರ ಮನೆಗಳಿಗೆ ಕೊಂಡೊಯ್ದರು.

ಇಲ್ಲಿ ವಿದ್ಯಾರ್ಥಿನಿಯು ಎರಡನೆಯ ಹೆಜ್ಜೆಯನ್ನಿಟ್ಟಳು. ಹಾಡನ್ನು ಕೇಳುವ ಮುನ್ನ ಕವಿತೆಯನ್ನು ಓದತೊಡಗಿದಳು. ‘ಮೈಸೂರು ಮಲ್ಲಿಗೆ’ ಪ್ರಕಟವಾದುದು 1942ರಲ್ಲಿ. ಅಂದು ಅಶ್ವತ್ಥರು ಮೂರು ವರ್ಷವೂ ತುಂಬದ ಕೂಸು. ಶರೀಫರು ಬಾಳಿದ್ದು 1819ರಿಂದ 1889ರವರೆಗೆ, ಇಂದಿನ ಹಾವೇರಿ ಜಿಲ್ಲೆಯ ಶಿಶುನಾಳದಲ್ಲಿ. ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣ ಗುರುವಿಗೆ ಮುಸಲ್ಮಾನನೊಬ್ಬನು ಶಿಷ್ಯನಾಗಿ ಹಾಡಿದ ಆ ಪದಗಳು ಉತ್ತರ ಕರ್ನಾಟಕದ ಭಜನೆಯ ಮೇಳಗಳಲ್ಲಿ ಹಿಂದಿನಿಂದಲೂ ಜೀವಂತವಾಗಿದ್ದುವು. ಅವುಗಳನ್ನು ಅಶ್ವತ್ಥರು ಹುಟ್ಟಿಸಲಿಲ್ಲ. ಅವನ್ನು ಕೇಳಿರದ ಊರುಗಳಿಗೆ ಅವರು ತಲುಪಿಸಿದರು. ಈ ವ್ಯತ್ಯಾಸವನ್ನು ಗುರುತಿಸುವುದರಿಂದ ಗಾಯಕನ ಕೀರ್ತಿಗೆ ಕುಂದಿಲ್ಲ. ನರಸಿಂಹಸ್ವಾಮಿಯವರಿಗೆ ‘ಮೈಸೂರು ಮಲ್ಲಿಗೆ’ ಚಿತ್ರದ ಗೀತರಚನೆಗಾಗಿ ರಾಷ್ಟ್ರಪ್ರಶಸ್ತಿ ದೊರೆತದ್ದು ಕವಿತೆಗಳು ಪ್ರಕಟವಾಗಿ ಸುಮಾರು ಐವತ್ತು ವರ್ಷಗಳಾದ ಮೇಲೆ. ಅಚ್ಚಿನ ಹಾಳೆಯಲ್ಲಿದ್ದ ಕವಿತೆ ಇನ್ನೊಬ್ಬರ ಕಂಠದಿಂದ ಎರಡನೆಯ ಜನ್ಮ ಪಡೆದುದಕ್ಕೆ ಇದೊಂದು ನಿದರ್ಶನ.

ಪಟ್ಟಿ ಬೆಳೆದಂತೆ ಅವಳಿಗೆ ಇನ್ನೊಂದು ಸಂಗತಿ ಹೊಳೆಯಿತು. ಅಶ್ವತ್ಥರೆಂಬ ಒಂದೇ ಹೆಸರನ್ನು ಹಿಡಿದು ಹೊರಟಿದ್ದ ಅವಳ ಪುಸ್ತಕದಲ್ಲಿ ಈಗ ಹತ್ತಾರು ಹೆಸರುಗಳಿದ್ದುವು. ಬೇಂದ್ರೆ, ಕುವೆಂಪು, ಜಿ.ಎಸ್. ಶಿವರುದ್ರಪ್ಪ, ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟ, ಎಚ್.ಎಸ್. ವೆಂಕಟೇಶಮೂರ್ತಿ, ಬಿ.ಆರ್. ಲಕ್ಷ್ಮಣರಾವ್ ಮುಂತಾದ ಕವಿಗಳು. ಶಿವಮೊಗ್ಗ ಸುಬ್ಬಣ್ಣ, ರತ್ನಮಾಲಾ ಪ್ರಕಾಶ್, ಬಿ.ಆರ್. ಛಾಯಾ, ಎಂ.ಡಿ. ಪಲ್ಲವಿ ಮುಂತಾದ ಗಾಯಕರು. ಅಶ್ವತ್ಥರದೆಂದು ಅವಳು ತಿಳಿದಿದ್ದ ಕೆಲವು ಗೀತೆಗಳಿಗೆ ರಾಗ ಸಂಯೋಜಿಸಿದವರು ಬೇರೆ. ಬೇರೆಯವರದೆಂದು ಭಾವಿಸಿದ್ದ ಕೆಲವು ಗೀತೆಗಳ ಹಿಂದೆ ಅಶ್ವತ್ಥರಿದ್ದರು. ಕೊಳಲನ್ನೂ ತಬಲವನ್ನೂ ನುಡಿಸಿದವರ ಕಲಮಿನಲ್ಲಿ ಬಹುತೇಕ ಮನೆಗಳು ಖಾಲಿಯಾಗಿಯೇ ಉಳಿದುವು. ಒಂದು ಹಾಡು ಒಬ್ಬರ ಹೆಸರಿನಲ್ಲಿ ಪ್ರಸಿದ್ಧವಾದರೂ ಅದು ಹಲವರ ಕೈಗೆಲಸವೆಂಬುದನ್ನು ಆ ಖಾಲಿ ಮನೆಗಳೂ ಅವಳಿಗೆ ಹೇಳುತ್ತಿದ್ದುವು.

ಮೂರನೆಯ ಹೆಜ್ಜೆ ತುಲನೆ. ಒಂದೇ ಕವಿತೆಗೆ ಇಬ್ಬರು ಸಂಯೋಜಕರು ನೀಡಿದ ರಾಗಗಳನ್ನು ಅಕ್ಕಪಕ್ಕದಲ್ಲಿಟ್ಟು ಕೇಳಿದಾಗ ಇಬ್ಬರ ಮನೋಧರ್ಮವೂ ಸ್ಪಷ್ಟವಾಗುತ್ತದೆ. ಇದಕ್ಕೆ ಪ್ರತಿಯೊಬ್ಬ ವಿದ್ಯಾರ್ಥಿಗೂ ಪರಿಚಿತವಾದ ಉದಾಹರಣೆಯೆಂದರೆ ನಾಡಗೀತೆ. 2004ರಲ್ಲಿ ನಾಡಗೀತೆಯೆಂದು ಘೋಷಿತವಾದ ಕುವೆಂಪು ಅವರ ಕವಿತೆಗೆ ಮೈಸೂರು ಅನಂತಸ್ವಾಮಿಯವರ (1936–1995) ಸಂಯೋಜನೆಯೂ ಉಂಟು, ಅಶ್ವತ್ಥರ ಸಂಯೋಜನೆಯೂ ಉಂಟು. ಯಾವುದನ್ನು ಹಾಡಬೇಕೆಂಬ ಬಗ್ಗೆ ವರ್ಷಗಳ ಕಾಲ ಚರ್ಚೆ ನಡೆಯಿತು. 2022ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರವು ಅನಂತಸ್ವಾಮಿಯವರ ಧಾಟಿಯನ್ನು ಅಂಗೀಕರಿಸಿ, ಎರಡು ನಿಮಿಷ ಮೂವತ್ತು ಸೆಕೆಂಡುಗಳಲ್ಲಿ ಹಾಡಿ ಮುಗಿಸಬೇಕೆಂದು ಗೊತ್ತುಪಡಿಸಿತು. ಮತ್ತಿಕೆರೆಯ ವಿದ್ಯಾರ್ಥಿನಿಗೆ ಇದು ಮೊದಲು ಬೇಸರವನ್ನು ತಂದಿತು. ತನ್ನವರಿಗೆ ಸೋಲಾಯಿತೆಂದು ಅವಳು ಭಾವಿಸಿದಳು. ಆದರೆ ಎರಡು ಧಾಟಿಗಳನ್ನೂ ಹಲವು ಬಾರಿ ಕೇಳಿದ ಮೇಲೆ ಆ ಭಾವನೆ ಸಡಿಲವಾಯಿತು. ಶಾಲೆಯ ಅಂಗಳದಲ್ಲಿ ಮುನ್ನೂರು ಮಕ್ಕಳು ಒಟ್ಟಾಗಿ ಹಾಡಲು ಬೇಕಾದ ಗುಣ ಬೇರೆ. ವೇದಿಕೆಯ ಮೇಲೆ ನುರಿತ ಕಂಠವೊಂದು ಹಾಡಲು ಬೇಕಾದ ಗುಣ ಬೇರೆ. ಒಂದು ಅಂಗೀಕೃತವಾದ ಮಾತ್ರಕ್ಕೆ ಇನ್ನೊಂದು ಕಳಪೆಯಾಗುವುದಿಲ್ಲವೆಂಬುದನ್ನು ಅವಳು ಕಂಡುಕೊಂಡಳು. ಅಭಿಮಾನವು ಪಕ್ಷಪಾತವಾಗದಂತೆ ತಡೆಯುವುದು ಇಂಥ ತುಲನೆಯೇ.

ತುಲನೆಯಿಂದ ವಿಮರ್ಶೆ ಹುಟ್ಟುತ್ತದೆ. ಬಹಳ ಕೃತಿಗಳನ್ನು ರಚಿಸಿದ ಯಾವ ಕಲಾವಿದನ ಕೃತಿಗಳೂ ಒಂದೇ ಮಟ್ಟದವಾಗಿರಲಾರವು. ಭಾವಗೀತೆಯನ್ನು ಓದಬೇಕೆ, ಹಾಡಬೇಕೆ ಎಂಬ ಚರ್ಚೆ ಕನ್ನಡದಲ್ಲಿ ಹಳೆಯದು. ರಾಗವು ಕವಿತೆಯ ಅರ್ಥವನ್ನು ಬೆಳಗಬಲ್ಲುದು. ಹಾಗೆಯೇ ಹಲವು ಅರ್ಥಗಳಿಗೆ ಎಡೆಯಿರುವ ಕವಿತೆಯನ್ನು ಒಂದೇ ಭಾವಕ್ಕೆ ಕಟ್ಟಿಹಾಕಲೂಬಲ್ಲುದು. ವಿದ್ಯಾರ್ಥಿನಿಗೆ ಅಶ್ವತ್ಥರ ಕೆಲವು ಹಾಡುಗಳಲ್ಲಿ ವಾದ್ಯಗಳ ಅಬ್ಬರದ ನಡುವೆ ಪದಗಳು ಮಸುಕಾದಂತೆ ತೋರಿತು. ಹಾರ್ಮೋನಿಯಂ, ತಬಲ ಮಾತ್ರವಿದ್ದ ಕೆಲವು ಹಾಡುಗಳಲ್ಲಿ ಒಂದೊಂದು ಪದವೂ ಬಿಡಿಬಿಡಿಯಾಗಿ ಎದೆಗೆ ನಾಟಿತು. ಅವಳು ಇದನ್ನು ಸಂಕೋಚವಿಲ್ಲದೆ ಪುಸ್ತಕದಲ್ಲಿ ಬರೆದಳು. ಮೆಚ್ಚಿದ ಕಲಾವಿದನ ಸಾಧಾರಣ ಕೃತಿಯನ್ನು ಸಾಧಾರಣವೆನ್ನಬಲ್ಲವನು ಅವನ ಶ್ರೇಷ್ಠ ಕೃತಿಯನ್ನು ಶ್ರೇಷ್ಠವೆಂದಾಗ ಆ ಮಾತಿಗೆ ತೂಕ ಬರುತ್ತದೆ.

ಪೆಟ್ಟಿಗೆಯ ತಳದಲ್ಲಿ ಒಂದು ಸುರುಳಿಯಿತ್ತು. ಅದರ ಮೇಲೆ ಮುದ್ರಿತ ಹೊದಿಕೆಯಿರಲಿಲ್ಲ. ಮಾಸಿದ ಶಾಯಿಯಲ್ಲಿ ‘ರಾಜ್ಯೋತ್ಸವ’ ಎಂದು ಮಾತ್ರ ಬರೆದಿತ್ತು. ಕಾರ್ಖಾನೆಯ ಕನ್ನಡ ಸಂಘದ ಸಮಾರಂಭದಲ್ಲಿ ಸಹೋದ್ಯೋಗಿಗಳು ಅಶ್ವತ್ಥರ ಧಾಟಿಯಲ್ಲಿ ಹಾಡಿದ ಗೀತೆಗಳನ್ನು ತಾತ ಅದರಲ್ಲಿ ಮುದ್ರಿಸಿಕೊಂಡಿದ್ದರು. ಹಾಡಿದವರಲ್ಲಿ ಕೆಲವರು ಈಗಿಲ್ಲ. ಅವಳು ಆತುರದಿಂದ ಅದನ್ನು ಹಳೆಯ ಯಂತ್ರಕ್ಕೆ ಹಾಕಿದಳು. ಎರಡನೆಯ ಹಾಡಿನ ನಡುವೆ ಪಟ್ಟಿ ಯಂತ್ರದ ಉರುಳೆಗೆ ಸಿಕ್ಕಿ ನುಲಿಯಿತು. ತಾತ ಯಂತ್ರವನ್ನು ನಿಲ್ಲಿಸಿ, ಮೆಲ್ಲನೆ ಪಟ್ಟಿಯನ್ನು ಬಿಡಿಸಿ, ಪೆನ್ಸಿಲಿನಿಂದ ಸುತ್ತಿದರು. ಸುಕ್ಕಾದ ಆ ಭಾಗದಲ್ಲಿದ್ದ ಕೆಲವು ಕ್ಷಣಗಳ ಹಾಡು ಮಾತ್ರ ಮತ್ತೆ ಮೊದಲಿನಂತೆ ಕೇಳಿಸಲಿಲ್ಲ. ಈ ಸುರುಳಿಗೆ ಎರಡನೆಯ ಪ್ರತಿ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ.

ಧ್ವನಿಸುರುಳಿಯು ಚಿರಂಜೀವಿಯಲ್ಲ. ತೆಳುವಾದ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿನೊಡನೆ ಲೇಪಿಸಿದ ಕಬ್ಬಿಣದ ಆಕ್ಸೈಡಿನ ಕಣಗಳಲ್ಲಿ ಧ್ವನಿಯು ಕಾಂತಗುಣವಾಗಿ ಅಡಗಿರುತ್ತದೆ. ತೇವದಿಂದ ಅಂಟು ಸಡಿಲಗೊಳ್ಳುತ್ತದೆ, ಬೂಷ್ಟು ಹಿಡಿಯುತ್ತದೆ. ಶಾಖದಿಂದ ಪಟ್ಟಿ ಸೊಟ್ಟಗಾಗುತ್ತದೆ. ಅಯಸ್ಕಾಂತದ ಸಮೀಪದಲ್ಲಿಟ್ಟರೆ ಧ್ವನಿ ಅಳಿಸಿಹೋಗಬಹುದು. ಆದ್ದರಿಂದ ಸುರುಳಿಗಳನ್ನು ಒಣಗಿದ, ತಂಪಾದ ಸ್ಥಳದಲ್ಲಿ ನೆಟ್ಟಗೆ ನಿಲ್ಲಿಸಿಡಬೇಕು. ನುಡಿಸುವ ಮುನ್ನ ಯಂತ್ರವನ್ನು ಶುಚಿಗೊಳಿಸಿ, ಬೆಲೆಯಿಲ್ಲದ ಬೇರೊಂದು ಸುರುಳಿಯಿಂದ ಪರೀಕ್ಷಿಸಬೇಕು. ಸುಸ್ಥಿತಿಯಲ್ಲಿರುವಾಗಲೇ ಧ್ವನಿಯನ್ನು ಗಣಕಕ್ಕೆ ವರ್ಗಾಯಿಸಿ, ಎರಡು ಬೇರೆ ಬೇರೆ ಕಡೆ ಪ್ರತಿಗಳನ್ನಿಡಬೇಕು. ಹೊದಿಕೆ ಕಾಗದದ ಚಿತ್ರವನ್ನೂ ಜೊತೆಗಿರಿಸಬೇಕು. ಹೆಸರಿಲ್ಲದ ಧ್ವನಿ ಅರ್ಧ ಕಳೆದುಹೋದ ಧ್ವನಿಯೇ ಸರಿ. ಆದರೆ ಹೀಗೆ ಕಾಯ್ದಿಡುವುದು ಬೇರೆ, ಮಾರಾಟದ ಧ್ವನಿಮುದ್ರಣವನ್ನು ಎಲ್ಲರಿಗೂ ಹಂಚುವುದು ಬೇರೆ. ಭಾರತದ ಕಾನೂನಿನಂತೆ ಧ್ವನಿಮುದ್ರಣದ ಹಕ್ಕುಸ್ವಾಮ್ಯವು ಪ್ರಕಟವಾದ ವರ್ಷದ ಮುಂದಿನ ವರ್ಷದಿಂದ 60 ವರ್ಷಗಳವರೆಗೆ ಇರುತ್ತದೆ. ಕಲಾವಿದರನ್ನು ಗೌರವಿಸುವವನು ಅವರ ಹಕ್ಕನ್ನೂ ಗೌರವಿಸಬೇಕು.

ವಿದ್ಯಾರ್ಥಿನಿಯು ‘ರಾಜ್ಯೋತ್ಸವ’ದ ಸುರುಳಿಯಲ್ಲಿ ಉಳಿದ ಭಾಗವನ್ನೆಲ್ಲ ಜಾಗರೂಕತೆಯಿಂದ ವರ್ಗಾಯಿಸಿದಳು. ಬಳಿಕ ತಾತನನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ಒಂದೊಂದು ಕಂಠವೂ ಯಾರದೆಂದು ಕೇಳಿ ಬರೆದುಕೊಂಡಳು. ಕೆಲವರ ಹೆಸರು ತಾತನಿಗೆ ಕೂಡಲೇ ನೆನಪಾಯಿತು, ಕೆಲವರದು ಎರಡು ದಿನ ಕಳೆದ ಮೇಲೆ ನೆನಪಾಯಿತು, ಒಂದಿಬ್ಬರದು ನೆನಪಾಗಲೇ ಇಲ್ಲ. ಹತ್ತು ವರ್ಷ ತಡೆದು ಕೇಳಿದ್ದರೆ ಇಷ್ಟೂ ದೊರೆಯುತ್ತಿರಲಿಲ್ಲ. ಪ್ರಸಿದ್ಧ ಗಾಯಕನ ಹಾಡುಗಳು ಬಹುಮಂದಿಯ ಬಳಿ ಇರುವುದರಿಂದ ಹೇಗಾದರೂ ಉಳಿದಾವು. ಆ ಹಾಡುಗಳನ್ನು ತಮ್ಮದಾಗಿಸಿಕೊಂಡ ಸಾಮಾನ್ಯ ಜನರ ಕಂಠಗಳು ಉಳಿಯಬೇಕಾದರೆ ಅವರವರ ಮನೆಯವರೇ ಕೈಹಚ್ಚಬೇಕು.

ಅಶ್ವತ್ಥರ ಹಾಡುಗಳ ಸಂಪೂರ್ಣ ಪಟ್ಟಿ ಅವಳ ಪುಸ್ತಕದಲ್ಲಿ ಇನ್ನೂ ಪೂರ್ಣವಾಗಿಲ್ಲ. ಆದರೂ ಆ ಪುಸ್ತಕದಿಂದ ಅವಳು ಪಡೆದ ಲಾಭ ಕಡಿಮೆಯದಲ್ಲ. ಒಬ್ಬ ಗಾಯಕನ ಮೇಲಿನ ಪ್ರೀತಿಯಿಂದ ಹೊರಟವಳು ಹಲವು ಕವಿಗಳನ್ನು ಓದಿದಳು, ಎರಡು ತಲೆಮಾರಿನ ಸಂಗೀತಗಾರರ ಶ್ರಮವನ್ನು ತಿಳಿದಳು, ತನ್ನ ಬಡಾವಣೆಯ ಚರಿತ್ರೆಯ ಒಂದು ಪುಟವನ್ನು ತಾತನ ಬಾಯಿಂದ ಕೇಳಿದಳು. ಕರ್ನಾಟಕದ ಅಸಂಖ್ಯ ಮನೆಗಳ ಅಟ್ಟಗಳ ಮೇಲೆ ಇಂಥ ಪೆಟ್ಟಿಗೆಗಳು ಇನ್ನೂ ಇವೆ. ಅವುಗಳನ್ನು ಇಳಿಸಿ, ಧೂಳು ಒರೆಸಿ, ಮೇಲಿನ ಹೆಸರುಗಳನ್ನು ಓದುವ ಕೆಲಸವನ್ನು ಯಾವ ವಿದ್ಯಾರ್ಥಿಯಾದರೂ ಒಂದು ರಜೆಯ ದಿನದಲ್ಲಿ ಪ್ರಾರಂಭಿಸಬಹುದು. ಅದಕ್ಕೆ ಬೇಕಾದುದು ಒಂದು ನೋಟು ಪುಸ್ತಕ, ಒಂದು ಪೆನ್ಸಿಲು ಮತ್ತು ಮನೆಯ ಹಿರಿಯರಿಗೆ ಇನ್ನೂ ನೆನಪಿರುವಾಗಲೇ ಕೇಳಬೇಕೆಂಬ ಎಚ್ಚರ.